ಸಮಸ್ಯೆ: ‘ಮಾಡಿದವನಿಲ್ಲದೆಯೆ ಮಾಡಲಾಗಿದೆ ಕೆಲಸ’

ಸಮಸ್ಯೆ ಕೊಟ್ಟವನು, ಮೈಸೂರು:
ಶಾಲೆಯಲ್ಲಿ ಕರ್ಮಣಿ ಪ್ರಯೋಗಕ್ಕೆ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಹೇಳಿಕೊಟ್ಟಿದ್ದರು. ವಾಕ್ಯ ಒರಟಾದರೂ ರಾಮ ತೃತೀಯಾ ವಿಭಕ್ತಿ ಹಿಡಿದುಕೊಂಡು ಒಂದು ಮೂಲೆಯಲ್ಲಿ ನಿಂತಿದ್ದ. ರಾಜಕಾರಣಿಗಳ ಪತ್ರಿಕಾ ಪ್ರಕಟಣೆ ಅವನನ್ನೂ ಹೊರಗೆ ಕಳುಹಿಸಿದೆ. ಕ್ರಮ ಕೈಗೊಳ್ಳಲಾಗುವುದು, ಪರಿಶೀಲಿಸಲಾಗುತ್ತಿದೆ, ಸೂಚಿಸಲಾಗಿದೆ. ಯಾರಿಂದ ಎಂದು ಮಾತ್ರ ಕೇಳಬಾರದು. ಗುದ್ದಲಿ ಪೂಜೆಯ ಆಹ್ವಾನ ಪತ್ರಿಕೆಯಲ್ಲಾದರೆ ಕರ್ತೃಗಳಿಗೆ ಜಾಗವೇ ಸಾಲುವುದಿಲ್ಲ, ಅದು ಬೇರೆ ಮಾತು.

ಮೇಲಿನ ಸಮಸ್ಯೆಯೇ ಕೊನೆಯ ಸಾಲಾಗಿ, ಅರ್ಥ ಕೂಡುವಂತೆ ಮೊದಲ ಮೂರು ಸಾಲು ನೀವು ಕಟ್ಟಬೇಕು. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ (ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು), ನಾಲ್ಕು ಸಾಲು, ‘ಡ’ಕಾರದ ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ‘ಡ’. ಎಂಟು ಜನ ಪೃಚ್ಛಕರನ್ನು ಒಟ್ಟಿಗೆ ಎದುರಿಸುವ ಅಷ್ಟಾವಧಾನದಲ್ಲಿ ಅವಧಾನಿಗಳು ಸುತ್ತಿಗೊಂದು ಸಾಲಿನಂತೆ ಕಾಗದ ಮುಟ್ಟದೆ ಪೂರೈಸುತ್ತಾರೆ. ನಿಮಗೆ ಒಂದು ವಾರವಿದೆ, ಕಾಗದವೂ ಇದೆ.

ಪಾಂಡವಪುರ:
ವಿಶ್ವೇಶ್ವರಯ್ಯ ನಾಲೆಯ ದಡದವನು ನಾನು. ದೂರ ಹೋಗಬೇಕಾಗಲಿಲ್ಲ.

ನೋಡಿದರೆ ನಾಲೆಯಲಿ ಹೂಳು ಹಾಗೆಯೆ ಇಹುದು
ಜೋಡಿ ಜೆಸಿಬಿಯ ಚಿತ್ರ ಪತ್ರಿಕೆಯ ಪುಟ ತುಂಬ
ಕೂಡಿ ಜನ ಕೇಳಿದರೆ ಕಡತ ಹೀಗೆನ್ನುವುದು
ಮಾಡಿದವನಿಲ್ಲದೆಯೆ ಮಾಡಲಾಗಿದೆ ಕೆಲಸ

ಸಮಸ್ಯೆ ಕೊಟ್ಟವನು:
ಪ್ರಾಸ ಗಟ್ಟಿ, ಛಂದಸ್ಸು ಶುದ್ಧ. ಆದರೆ ಸಮಸ್ಯೆಯ ಗಂಟನ್ನು ಬಿಚ್ಚದೆ ಕಡತದ ಬಾಯಿಗೆ ಹಾಕಿ ಪಾರಾಗಿದ್ದೀರಿ. ‘ಹೀಗೆಂದರು’ ಎಂದು ಕೊನೆಯ ಸಾಲನ್ನು ಉದ್ಧರಣೆ ಮಾಡುವುದು ಪೂರಣಕಾರರ ಹಳೆಯ ಅಡ್ಡದಾರಿ.

ಶ್ರೀರಂಗಪಟ್ಟಣ:
ಮೋಡ ಕೊಡಗಿನ ಮೇಲೆ ಮಳೆಗರೆಯೆ ತುಂಬಿತ್ತು
ಕೂಡೆ ಕನ್ನಂಬಾಡಿ, ಬಾಗಿನದ ಮೊರ ಬಂತು
ಆಡಿದರು ನಮ್ಮ ಕಾಲ್ಗುಣದ ಫಲವೆನ್ನುತಲಿ
ಮಾಡಿದವನಿಲ್ಲದೆಯೆ ಮಾಡಲಾಗಿದೆ ಕೆಲಸ

ಸಮಸ್ಯೆ ಕೊಟ್ಟವನು:
‘ಕೂಡೆ ಕನ್ನಂಬಾಡಿ’ ಎಂಬಲ್ಲಿ ಕಿವಿ ತಂಪಾಯಿತು. ಕಟ್ಟೆ ತುಂಬಿ ಮಟ್ಟ 124.80 ಅಡಿ ಮುಟ್ಟಿದ ದಿನ ಕಾಲ್ಗುಣದ ಹಕ್ಕುದಾರರು ಎಷ್ಟು ಜನ ಹುಟ್ಟುತ್ತಾರೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮೂರನೆಯ ಸಾಲು ನಾಲ್ಕನೆಯದಕ್ಕೆ ಅಡ್ಡಗಾಲು ಕೊಟ್ಟಿದೆ. ಕಾಲ್ಗುಣದವರು ‘ಮಾಡಿದವರು ನಾವೇ’ ಎನ್ನುತ್ತಿರುವಾಗ ‘ಮಾಡಿದವನಿಲ್ಲದೆಯೆ’ ಎಲ್ಲಿಂದ ಬಂತು?

ಮದ್ದೂರು:
ನನ್ನ ಗೋಳು ಬೇರೆ. ‘ಸಮರೋಪಾದಿ’ ಇಲ್ಲದ ಪ್ರಕಟಣೆ ಉಪ್ಪಿಲ್ಲದ ಬಸ್ಸಾರು. ಆ ಪದ ಪದ್ಯದಲ್ಲಿ ಬರಲೇಬೇಕೆಂದು ಹಟ ಹಿಡಿದೆ. ಅದು ಐದು ಮಾತ್ರೆಯಲ್ಲಿ ಕೂರಲೊಲ್ಲದು. ‘ಸಮರೋ’ ಎಂದರೆ ನಾಲ್ಕು, ‘ಪಾ’ ಸೇರಿದರೆ ಆರು. ಎರಡು ರಾತ್ರಿ ಹೋಯಿತು. ಕೊನೆಗೆ ಅದರ ಹಿಂದೆ ಒಂದು ಲಘುವನ್ನು ತಳ್ಳಿದ ಮೇಲೆ ತೆಪ್ಪಗೆ ಕುಳಿತಿತು.

ರೋಡ ಗುಂಡಿಯ ಮುಚ್ಚಿರಿ ಸಮರೋಪಾದಿಯಲಿ
ನೀಡಲಾಗಿದೆ ಕಟ್ಟುನಿಟ್ಟಿನಾದೇಶವನು
ಓಡಿ ಬಂದಿತು ಮಳೆಯ ನೀರು ಮುಚ್ಚಿತು ಗುಂಡಿ
ಮಾಡಿದವನಿಲ್ಲದೆಯೆ ಮಾಡಲಾಗಿದೆ ಕೆಲಸ

ಸಮಸ್ಯೆ ಕೊಟ್ಟವನು:
ಭಲೆ! ‘ರಿ ಸಮರೋ’ ಎಂದು ಗಣ ಒಡೆದದ್ದನ್ನು ಬೆರಳು ಮಡಿಸಿ ಎಣಿಸಿದೆ, ತಪ್ಪಿಲ್ಲ.

ಶ್ರೀರಂಗಪಟ್ಟಣ:
ಇದು ಪಕ್ಷಪಾತ. ನನ್ನ ಪದ್ಯದಲ್ಲೂ ಮಳೆ, ಅವರ ಪದ್ಯದಲ್ಲೂ ಮಳೆ. ಮದ್ದೂರಿನ ಮಳೆಗೆ ಮಾತ್ರ ಭಲೆಯೇ?

ಸಮಸ್ಯೆ ಕೊಟ್ಟವನು:
ನಿಮ್ಮ ಮಳೆ ಕಟ್ಟೆಯನ್ನು ನಿಜವಾಗಿ ತುಂಬಿಸಿತು. ಅವರ ಮಳೆ ಗುಂಡಿಯನ್ನು ‘ಮುಚ್ಚಿತು’, ಅಷ್ಟೇ. ಮುಚ್ಚುವುದು ಎಂದರೆ ತುಂಬುವುದೂ ಹೌದು, ಮರೆಮಾಚುವುದೂ ಹೌದು. ಆದೇಶ ಹೊರಡಿಸಿದವರು ಯಾವ ಅರ್ಥದಲ್ಲಿ ಹೇಳಿದ್ದರೆಂದು ನಾವೇಕೆ ಕೆದಕಬೇಕು? ಮೊನ್ನೆ ನಮ್ಮ ಬಡಾವಣೆಯ ತಿರುವಿನಲ್ಲಿ ಅಂಥ ‘ಮುಚ್ಚಿದ’ ಗುಂಡಿಯೊಂದರಲ್ಲಿ ನನ್ನ ಸ್ಕೂಟರಿನ ಮುಂದಿನ ಚಕ್ರ ಅಚ್ಚಿನವರೆಗೆ ಇಳಿದಿತ್ತು. ಹಾಗಾಗಿ ತೀರ್ಪಿನಲ್ಲಿ ಸ್ವಲ್ಪ ಪಕ್ಷಪಾತವಿದ್ದರೂ ಇರಬಹುದು.

ಪಾಂಡವಪುರ:
ಪಕ್ಷಪಾತದ ಆರೋಪ ಸತ್ಯಕ್ಕೆ ದೂರ, ದುರುದ್ದೇಶಪೂರಿತ ಎಂದು ಒಂದು ಸ್ಪಷ್ಟೀಕರಣ ಹೊರಡಿಸಿ. ತೀರ್ಪನ್ನು ತಿರುಚಲಾಗಿದೆ ಎಂದೂ ಸೇರಿಸಿ.

ಸಮಸ್ಯೆ ಕೊಟ್ಟವನು:
ಪರಿಶೀಲಿಸಲಾಗುವುದು. ಅಲ್ಲಿಯವರೆಗೆ ಮುಂದಿನ ವಾರದ ಸಾಲು: ‘ಒಗ್ಗಟ್ಟು ಹೆಚ್ಚಾಗಿ ಒಡೆಯಿತೀ ಪಕ್ಷ’. ಕೊನೆಯ ಗಣದಲ್ಲಿ ಎರಡು ಮಾತ್ರೆ ಕಡಿಮೆ, ಅದು ಬೇಕೆಂದೇ ಬಿಟ್ಟದ್ದು. ಪ್ರಾಸ ‘ಗ್ಗ’. ಹಗ್ಗ, ಜಗ್ಗು, ಅಗ್ಗ, ಎಲ್ಲವೂ ಕೈಗೆಟುಕುವಂತಿವೆ. ‘ಹೆಂದರು’, ‘ಎಂದರು’ ಎಂದು ಮುಗಿಸಿದವರ ಪದ್ಯ ಓದುವುದಿಲ್ಲ.

ಮದ್ದೂರು:
‘ಹೆಂದರು’ ಯಾವ ಧಾತು ಸ್ವಾಮಿ?

ಸಮಸ್ಯೆ ಕೊಟ್ಟವನು:
ಕೈತಪ್ಪು. ಕೈ ಯಾರದೆಂದು ತನಿಖೆಗೆ ಆದೇಶಿಸಲಾಗಿದೆ.