ರಾತ್ರಿ ಹೀಟ್ ಬರಲ್ಲ, ಕ್ವೀನ್ಸ್‌ನಲ್ಲಿ ಬಾಡಿಗೆಗಿರೋರು ಹೇಳಿ

ಕೇಳಿದವರು: ನ್ಯೂಯಾರ್ಕ್, ಆರು ಮಹಡಿಯ ಹಳೇ ಕಟ್ಟಡ, ಸ್ಟೀಮ್ ರೇಡಿಯೇಟರ್. ರಾತ್ರಿ 11ರ ಮೇಲೆ ಮನೆಯೊಳಗೆ 60 ಡಿಗ್ರಿ ಫ್ಯಾರನ್‌ಹೀಟ್. ಹೊರಗೆ 55 ದಾಟಿದೆ, ಹಾಕಬೇಕಿಲ್ಲ ಅಂತಾರೆ ಸೂಪರ್, ಅಂದರೆ ಕಟ್ಟಡದ ಉಸ್ತುವಾರಿ. ಎಂಟು ತಿಂಗಳ ಮಗು ಇದೆ.

ಮೂರನೇ ಮಹಡಿ: 55ರ ಲೆಕ್ಕ ಹಗಲಿಗೆ ಮಾತ್ರ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಬೆಳಗ್ಗೆ 6ರಿಂದ ರಾತ್ರಿ 10, ಹೊರಗೆ 55ಕ್ಕಿಂತ ಕಡಿಮೆಯಿದ್ದರೆ ಒಳಗೆ 68 ಇರಲೇಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಎಷ್ಟೇ ಇರಲಿ, ಒಳಗೆ 62. ನಮ್ಮ ಕಟ್ಟಡದಲ್ಲೂ ಇದೇ ಸುಳ್ಳು ಹೇಳಿದ್ದರು. ಕೊನೆಗೆ ನಾವೇ ಕರೆಂಟ್ ಹೀಟರ್ ಹಾಕಿಕೊಂಡೆವು. 1500 ವಾಟ್ ಹೀಟರ್ ರಾತ್ರಿ 8 ಗಂಟೆ ಓಡಿದರೆ 12 ಯೂನಿಟ್. ಯೂನಿಟ್‌ಗೆ 30 ಸೆಂಟ್ ಹಿಡಿದರೂ 3 ಡಾಲರ್ 60 ಸೆಂಟ್, 23 ರಾತ್ರಿಗೆ 82 ಡಾಲರ್ 80 ಸೆಂಟ್. ಒಂದು ಸೆಂಟೂ ವಾಪಸ್ ಬರಲಿಲ್ಲ.

ಕೋ-ಆಪ್ ಬೋರ್ಡ್ (ನಿವಾಸಿಗಳೇ ಒಡೆಯರಾಗಿರೋ ಕಟ್ಟಡದ ಆಡಳಿತ ಮಂಡಳಿಯವರು): ಎಲ್ಲರೂ ಕಾನೂನು ಬಾಯಿಪಾಠ ಮಾಡ್ತೀರಿ, ರೇಡಿಯೇಟರ್ ಬಗ್ಗಿ ನೋಡಲ್ಲ. ಸ್ಟೀಮ್ ಬರೋದೂ ನೀರು ಇಳಿಯೋದೂ ಒಂದೇ ಪೈಪಿನಲ್ಲಾದರೆ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲ ಪೂರ್ತಿ ಮುಚ್ಚಿರಬೇಕು. ಅರ್ಧ ತಿರುಗಿಸಿಟ್ಟರೆ ನೀರು ವಾಪಸ್ ಇಳಿಯಲ್ಲ, ಪೈಪು ಸುತ್ತಿಗೆಯಲ್ಲಿ ಬಡಿದ ಹಾಗೆ ಬಡಿಯುತ್ತೆ. ರೇಡಿಯೇಟರ್ ವಾಲ್ವ್ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಆಚೆ ತುದಿಯ ಕಾಲಡಿ ತೆಳು ಪಟ್ಟಿ ಇಟ್ಟರೆ ಸಾಕು. ಗಾಳಿ ಬಿಡುವ ವೆಂಟ್‌ಗೆ ಬಣ್ಣ ಬಳಿದು ಮುಚ್ಚಿದ್ದರೆ ಸ್ಟೀಮ್ ಒಳಗೆ ಬರೋದೇ ಇಲ್ಲ. ನಮ್ಮಲ್ಲಿ 11 ವೆಂಟ್ ಬದಲಾಯಿಸಿದೆವು. ಬಾಯ್ಲರ್ ಒತ್ತಡವನ್ನೂ 2 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒಳಗೆ ಇಳಿಸಿದೆವು. ಹೆಚ್ಚಿಸಿದರೆ ಮೇಲಿನ ಮನೆ ಬೆಚ್ಚಗಾಗುತ್ತೆ ಅನ್ನೋದು ತಪ್ಪು. ಮೇನ್ ಪೈಪಿನ ತುದಿಯ ವೆಂಟ್ ಕಟ್ಟಿಕೊಂಡಿದ್ದರೆ ಒತ್ತಡ ಏರಿ ಬಾಯ್ಲರ್ ಬೇಗ ನಿಲ್ಲುತ್ತೆ, ದೂರದ ಮನೆ ತಣ್ಣಗೇ ಉಳಿಯುತ್ತೆ.

ಮೂರನೇ ಮಹಡಿ: ಬಾಡಿಗೆದಾರ ಪೈಪು ಯಾಕೆ ನೋಡಬೇಕು ಸ್ವಾಮಿ? ಅದು ಮಾಲೀಕನ ಕೆಲಸ. ಮಗು ನಡುಗುವಾಗ ಕಾಲಡಿ ಪಟ್ಟಿ ಇಡು ಅಂತೀರಲ್ಲ!

ಕೋ-ಆಪ್ ಬೋರ್ಡ್: ಪಟ್ಟಿ ಇಡೋಕೆ ಐದು ನಿಮಿಷ. ನಿಮ್ಮ ದೂರಿಗೆ ಇನ್ಸ್‌ಪೆಕ್ಟರ್ ಬರೋಕೆ ಎಷ್ಟು ದಿನ, ಹೇಳಿ.

ಕೋರ್ಟ್ ಕಂಡವರು: ಜಗಳ ಬಿಟ್ಟು ಕೇಳಿ. ಥರ್ಮಾಮೀಟರ್ ಕೋಣೆ ಮಧ್ಯೆ ಇಡಿ, ಕಿಟಕಿ, ಹೊರಗೋಡೆ, ರೇಡಿಯೇಟರ್‌ನಿಂದ ದೂರ. ರಾತ್ರಿ 10:30, 2, 5ಕ್ಕೆ ಒಳಗಿನದೂ ಹೊರಗಿನದೂ ಬರೆದಿಡಿ. ತಣ್ಣಗಿರುವಾಗಲೇ ನಗರದ ದೂರಿನ ನಂಬರ್ 311ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಇನ್ಸ್‌ಪೆಕ್ಟರ್ ಬಂದಾಗ ಬಾಗಿಲು ತೆರೆಯೋಕೆ ಯಾರೂ ಇಲ್ಲದಿದ್ದರೆ ಅಷ್ಟೂ ವ್ಯರ್ಥ. ಒಂದೇ ಮನೆಯಿಂದ ದೂರು ಹೋದರೆ ನಿಧಾನ, ಅದೇ ಸಾಲಿನ ಮೇಲೆ ಕೆಳಗಿನವರೂ ಕೊಡಲಿ. ಹೀಟ್ ಇಲ್ಲದಿರೋದು ಸಿ ವರ್ಗದ, ಅಂದರೆ ತಕ್ಷಣದ ಅಪಾಯದ ಉಲ್ಲಂಘನೆ. ಮೊದಲ ಸಲಕ್ಕೆ ದಿನಕ್ಕೆ 350ರಿಂದ 1250 ಡಾಲರ್ ದಂಡ, ಆಮೇಲೆ 500ರಿಂದ 1500. ಅದು ನಗರಕ್ಕೆ ಹೋಗುತ್ತೆ, ನಿಮ್ಮ ಕೈಗಲ್ಲ. ದುರಸ್ತಿ ಆಗದಿದ್ದರೆ ಹೌಸಿಂಗ್ ಕೋರ್ಟ್‌ನಲ್ಲಿ ಎಚ್‌ಪಿ ಕೇಸ್ (ದುರಸ್ತಿ ಮಾಡಿಸು ಅಂತ ಮಾಲೀಕನ ಮೇಲೆ ಹಾಕೋ ಕೇಸ್) ಹಾಕಿ, ಶುಲ್ಕ 45 ಡಾಲರ್.

ಮೂರನೇ ಮಹಡಿ: ಬಾಡಿಗೆ ನಿಲ್ಲಿಸೋದೇ ಸರಿಯಾದ ಮದ್ದು.

ಕೋರ್ಟ್ ಕಂಡವರು: ಬೇರೆಯವರ ಮನೆ ಮುರಿಯುವ ಸಲಹೆ ಕೊಡಬೇಡಿ! ನಿಲ್ಲಿಸಿದರೆ ಮಾಲೀಕ ಬಾಕಿ ಕೇಸ್ ಹಾಕ್ತಾನೆ. ಹೀಟ್ ಇರಲಿಲ್ಲ ಅನ್ನೋದು ಅಲ್ಲಿ ನಿಮ್ಮ ವಾದ, ನಿಜ, ಆದರೆ ಬಾಡಿಗೆ ಹಣ ಮುಟ್ಟದೆ ಪೂರ್ತಿ ಎತ್ತಿಟ್ಟಿರಬೇಕು, ದಾಖಲೆಯೂ ಇರಬೇಕು.

ಹಡ್ಸನ್ ಆಚೆಯವರು: ನ್ಯೂಜೆರ್ಸಿಯಲ್ಲಿ ರಾತ್ರಿ 11ರವರೆಗೆ 68, ಆಮೇಲೂ 65 ಇರಬೇಕು. ಮೇ 1ಕ್ಕೆ ಮುಗಿಯುತ್ತೆ.

ಕೋ-ಆಪ್ ಬೋರ್ಡ್: ಕೇಳಿದ್ದು ಕ್ವೀನ್ಸ್ ಬಗ್ಗೆ.

ಮೂರನೇ ಮಹಡಿ: ಅವರಾದರೂ ನಿಯಮ ಹೇಳಿದರು, ತಪ್ಪೇನು?

ಕೋರ್ಟ್ ಕಂಡವರು: ಮಗು ಇರೋ ಮನೆ, ಅದಕ್ಕೇ ಹೇಳ್ತೀನಿ. ಹೀಟರ್ ಎಕ್ಸ್‌ಟೆನ್ಷನ್ ಬಳ್ಳಿಗೆ ಚುಚ್ಚಬೇಡಿ, ನೇರ ಗೋಡೆಯ ಸಾಕೆಟ್‌ಗೆ. ಹಾಸಿಗೆ, ಪರದೆಯಿಂದ ಮೂರು ಅಡಿ ದೂರ. 2022ರ ಜನವರಿ 9ರಂದು ಬ್ರಾಂಕ್ಸ್‌ನ ಟ್ವಿನ್ ಪಾರ್ಕ್ಸ್‌ನಲ್ಲಿ ಬೆಂಕಿ ಹೊತ್ತಿದ್ದು ಇಂಥ ಹೀಟರ್‌ನಿಂದ. ಬಾಗಿಲು ತಾನಾಗಿ ಮುಚ್ಚದೆ ಹೊಗೆ ಮಹಡಿ ಮಹಡಿಗೆ ಏರಿತು, 17 ಜನ ಹೋದರು. ಇವತ್ತೇ ನಿಮ್ಮ ಮುಂಬಾಗಿಲು ತಾನಾಗಿ ಮುಚ್ಚುತ್ತಾ ನೋಡಿ, ಇಲ್ಲದಿದ್ದರೆ ಅದನ್ನೂ 311ಕ್ಕೆ ಹೇಳಿ.