ಅಕ್ಕನ ಮಗ ಡ್ರಗ್ಸ್‌ನಿಂದ ಹೋದ, ಮನೇಲಿ ಯಾರೂ ಬಾಯಿ ಬಿಡ್ತಿಲ್ಲ. ಇದನ್ನ ಅನುಭವಿಸಿದೋರು ಇದ್ರೆ ಹೇಳಿ

ತುಮಕೂರಿನ ಚಿಕ್ಕಮ್ಮ:
ನಮಸ್ತೆ. ನಮ್ಮಕ್ಕನ ಮಗ, 21 ವರ್ಷ, ಬೆಂಗಳೂರಲ್ಲಿ ಪಿಜಿಲಿದ್ದ, ನಾಲ್ಕು ತಿಂಗಳ ಹಿಂದೆ ಹೋಗ್ಬಿಟ್ಟ. ಡಿ-ಅಡಿಕ್ಷನ್ ಮುಗಿಸ್ಕೊಂಡು ಬಂದು ಇನ್ನೂ ಇಪ್ಪತ್ತು ದಿನ ಆಗಿರ್ಲಿಲ್ಲ. ಊರಿಗೆಲ್ಲ ಹಾರ್ಟ್ ಅಟ್ಯಾಕ್ ಅಂತ ಹೇಳಿದೀವಿ. ಭಾವ ಅಕ್ಕನ ಹತ್ರ ಮಾತೇ ಆಡಲ್ಲ, ಆಡಿದ್ರೆ ಒಂದೇ ಮಾತು, "ನೀನೇ ದುಡ್ಡು ಹಾಕಿ ಹಾಕಿ ಕೊಂದೆ" ಅಂತ. ಅಕ್ಕ ಅವನ ರೂಮಲ್ಲಿ ಬಾಗ್ಲು ಹಾಕ್ಕೊಂಡು ಕೂತಿರ್ತಾಳೆ. ಚಿಕ್ಕವಳು ಸೆಕೆಂಡ್ ಪಿಯು, ಅವಳನ್ನ ಊಟ ಆಯ್ತಾ ಅಂತ ಕೇಳೋರೂ ಇಲ್ಲ. ನಾನು ಏನು ಹೇಳ್ಬೇಕು, ಏನು ಹೇಳ್ಬಾರ್ದು?

ಮಂಡ್ಯದ ಅಮ್ಮ:
ನಮ್ದಾಗಿ ಮೂರು ವರ್ಷ ಆಯ್ತು ಕಣಮ್ಮ. ನಾವೂ ಹಾರ್ಟ್ ಅಟ್ಯಾಕ್ ಅಂತಾನೇ ಹೇಳಿದ್ದು. ಹೇಳೋವಾಗ ಸುಲಭ, ಆಮೇಲೆ ಅದನ್ನ ಕಾಪಾಡ್ಕೊಂಡು ಬರೋದಿದ್ಯಲ್ಲ ಅದು ಬೇಡ. ಬಂದೋರೆಲ್ಲ "ಇಷ್ಟು ಚಿಕ್ಕ ವಯಸ್ಸಿಗೆ ಹಾರ್ಟಾ, ಇಸಿಜಿ ಮಾಡಿಸಿರ್ಲಿಲ್ವಾ, ನಿಮ್ಮ ವಂಶದಲ್ಲಿ ಯಾರಿಗಾದ್ರೂ ಇತ್ತಾ" ಅಂತ ಕೇಳೋರು, ನಾನು ಇಲ್ಲದ ಡಾಕ್ಟ್ರು ಇಲ್ಲದ ರಿಪೋರ್ಟು ಎಲ್ಲ ಹುಟ್ಟಿಸ್ತಿದ್ದೆ, ಯಾರಿಗೆ ಏನು ಹೇಳಿದೀನಿ ಅಂತ ನೆನಪಿಟ್ಕೊಳ್ಳೋದೇ ಆಯ್ತು, ಅಳಕ್ಕೂ ಪುರುಸೊತ್ತಿಲ್ಲ. ಹಂಗಂತ ಎಲ್ಲರಿಗೂ ಹೇಳಿ ಅನ್ನಲ್ಲ, ಊರೋರ ಬಾಯಿ ನಂಗೊತ್ತು. ನಾನು ಇಬ್ರಿಗೆ ಹೇಳ್ದೆ, ನಮ್ಮ ಅತ್ತಿಗೆಗೆ, ಪಕ್ಕದ್ಮನೆ ಟೀಚರ್‌ಗೆ. ಅಷ್ಟು ಸಾಕಾಯ್ತು.

ದುಡ್ಡು ನಾನೂ ಕೊಟ್ಟೆ. ಫೀಸು ಅಂದ ಕೊಟ್ಟೆ, ಬ್ಯಾಕ್ ಉಳ್ಕೊಂಡಿದೆ ಅಂದ ಕೊಟ್ಟೆ. ಇಲ್ಲ ಅಂದ ತಿಂಗಳು ನನ್ನ ಓಲೆ ಹೋಯ್ತು. ಕೊಟ್ರೂ ತಗೋತಿದ್ದ, ಕೊಡದಿದ್ರೂ ತಗೋತಿದ್ದ. ಇದನ್ನ ಯಜಮಾನ್ರಿಗೆ ಅರ್ಥ ಮಾಡ್ಸಿದ್ದು ನಾನಲ್ಲ, ಎಂಟು ತಿಂಗಳಾದ್ಮೇಲೆ ಬೆಂಗಳೂರಲ್ಲಿ ಒಬ್ಬ ಡಾಕ್ಟರಮ್ಮ. ಸೆಂಟರಿಂದ ಚೆನ್ನಾಗಾಗಿ ಬಂದ್ಮೇಲೆ ಯಾಕ್ ಸತ್ತ ಅಂತ ಇವ್ರು ಕೇಳಿದ್ರು. (ನಿಮ್ಮ ಹುಡುಗ ಏನು ತಗೋತಿದ್ದ ಅಂತ ನೀವು ಬರ್ದಿಲ್ಲ, ನಮ್ಮೋನದ್ದು ನೋವಿನ ಮಾತ್ರೆ, ಅಫೀಮಿನ ಥರ ನಶೆ ಬರೋದು.) ಕೆಲವು ವಾರ ಬಿಟ್ಟಿದ್ರೆ ಮೈಗೆ ಅದನ್ನ ತಡ್ಕೊಳ್ಳೋ ಅಭ್ಯಾಸ ಹೋಗಿರುತ್ತಂತೆ, ಮೊದ್ಲು ತಗೋತಿದ್ದಷ್ಟೇ ತಗೊಂಡ್ರೂ ಉಸಿರು ನಿಧಾನ ಆಗಿ ನಿಂತೋಗುತ್ತಂತೆ, ಹೆರಾಯಿನ್‌ಗೂ ಹಿಂಗೇ, ಬಿಟ್ಟು ಬಂದ ಆ ವಾರಗಳೇ ಅಪಾಯ ಅಂದ್ರು. ಡಿಸ್ಚಾರ್ಜ್ ಮಾಡೋವಾಗ ಇದನ್ನ ಒಂದು ಮಾತು ಯಾರೂ ಹೇಳಿರ್ಲಿಲ್ಲ, ಆ ಸಿಟ್ಟು ನಂಗೆ ಇವತ್ತಿಗೂ ಇದೆ. ವಾಪಸ್ ಬರ್ತಾ ಬಸ್ಸಲ್ಲಿ ಇವ್ರು ಮದ್ದೂರು ಬರೋವರ್ಗೂ ಕಿಟಕಿ ಕಡೆನೇ ನೋಡ್ತಿದ್ರು, ಆಮೇಲೆ "ವಡೆ ತಿಂತೀಯಾ" ಅಂದ್ರು. ಅವನು ಹೋದ್ಮೇಲೆ ಅವರಾಗೇ ನನ್ನ ಕೇಳಿದ ಮೊದಲ್ನೇ ಮಾತು ಅದು.

ಇನ್ನೊಂದು ಹೇಳ್ಬಿಡ್ತೀನಿ. ಪಿತೃಪಕ್ಷಕ್ಕೆ ನಮ್ಮ ಕಡೆ ಹೋದೋರಿಗೆ ಇಷ್ಟ ಆಗಿದ್ದನ್ನೇ ಎಡೆ ಇಡೋದು, ನಮ್ಮ ಮಾವಂಗೆ ಬೀಡಿ ಕಟ್ಟು, ಕ್ವಾರ್ಟರ್ ಬಾಟ್ಲಿ, ಎಲ್ರೂ ನಗ್ತಾನೇ ಇಡ್ತಿದ್ವಿ. ಆ ವರ್ಷ ಮಗನ ಎಲೆ ಮುಂದೆ ಕೂತೆ, ಇವನಿಗೆ ಇಷ್ಟ ಅಂತ ಏನಿಡ್ಲಿ, ಕೈಯೇ ಓಡ್ಲಿಲ್ಲ. ಅತ್ತೆ ಒಳಗಿಂದ ಪಾರ್ಲೆ-ಜಿ ಪ್ಯಾಕೆಟ್ಟು, ಒಂದು ಲೋಟ ಹಾಲು ತಂದಿಟ್ರು, "ಸ್ಕೂಲಿಂದ ಬಂದ್ರೆ ಇದನ್ನೇ ಅಲ್ವೇನೇ ಕೇಳ್ತಿದ್ದಿದ್ದು" ಅಂತ. ನಿಮ್ಮಕ್ಕನ ಹತ್ರ ಅವನ ಹೆಸ್ರು ಹಿಡಿದು ಮಾತಾಡಿ, ಚಿಕ್ಕೋನಿದ್ದಾಗಿನ್ದು ಏನಾದ್ರೂ ತೆಗೀರಿ. ಅಳ್ತಾಳೆ, ಅಳ್ಲಿ ಬಿಡಿ.

ಹಾಸನದ ಹುಡುಗಿ:
ಸ್ಟೇಷನ್ನಲ್ಲಿ ಯುಡಿಆರ್ ಆಗಿರುತ್ತೆ ಅಲ್ವಾ, ಅದು ಅಸಹಜ ಸಾವು ಅಂತ ಬರ್ಕೊಳ್ಳೋದು, ಮನೆಯೋರ ಮೇಲಿನ ಕೇಸಲ್ಲ, ಭಾವಂಗೆ ಇದನ್ನ ಹೇಳಿ, ಸಿಟ್ಟಲ್ಲಿ ಅರ್ಧ ಭಯ ಇರುತ್ತೆ. ವಿಸೆರಾ ರಿಪೋರ್ಟ್ (ಪೋಸ್ಟ್‌ಮಾರ್ಟಂನಲ್ಲಿ ತೆಗೆದ ಒಳಗಿನ ಅಂಗಗಳ ಪರೀಕ್ಷೆದು) ಎಫ್‌ಎಸ್‌ಎಲ್‌ನಿಂದ ಅಂದ್ರೆ ಫೊರೆನ್ಸಿಕ್ ಲ್ಯಾಬಿಂದ ಬರೋಕೆ ತಿಂಗಳುಗಟ್ಲೆ ಆಗುತ್ತೆ, ಇವ್ರು ಒಂಚೂರು ಸುಧಾರಿಸ್ಕೊಂಡ್ರು ಅನ್ನೋ ಹೊತ್ತಿಗೇ ಫೋನ್ ಬರುತ್ತೆ, ಅವತ್ತು ಅಕ್ಕನ್ನ ಕಳಿಸ್ಬೇಡಿ, ನೀವು ಹೋಗಿ. ಮತ್ತೆ ಡೆತ್ ಸರ್ಟಿಫಿಕೇಟಲ್ಲಿ ಸಾವಿನ ಕಾರಣ ಇರಲ್ಲ, 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಹಾಕೋ ಹಾಗೇ ಇಲ್ಲ. ನಮ್ಮಪ್ಪ ಯಾರಾದ್ರೂ ಓದ್ತಾರೆ ಅಂತ ಆರು ತಿಂಗಳು ಅದನ್ನ ಬೀರುವಿಂದ ಆಚೆಗೇ ತೆಗೀಲಿಲ್ಲ, ಬ್ಯಾಂಕಿಗೂ ಹೋಗ್ಲಿಲ್ಲ, ತೆಗ್ದು ನೋಡಿದ್ರೆ ಅದರಲ್ಲಿ ಏನೂ ಇಲ್ಲ.

ಆ ಚಿಕ್ಕವಳ ವಿಷ್ಯ. ತಮ್ಮ ಹೋದಾಗ ನಂದು ಡಿಗ್ರಿ ಲಾಸ್ಟ್ ಇಯರ್. ಅವನು ತಗೋತಾನೆ ಅಂತ ನಂಗೆ ಅಪ್ಪ ಅಮ್ಮಂಗಿಂತ ಒಂದು ವರ್ಷ ಮುಂಚೆನೇ ಗೊತ್ತಿತ್ತು. "ಅಪ್ಪಂಗೆ ಹೇಳ್ಬೇಡ ಕಣೇ ಅಕ್ಕ" ಅಂದಿದ್ದ. ಹೇಳ್ಲಿಲ್ಲ. ಇದನ್ನ ಮೊದಲ್ನೇ ಸಲ ಬರೀತಿರೋದು. ಅವಳಿಗೂ ಏನೋ ಗೊತ್ತಿರ್ಬಹುದು, ಕೆದಕಬೇಡಿ, ಗೊತ್ತಿದ್ರೂ ನಿಂದೇನೂ ತಪ್ಪಿಲ್ಲ ಪುಟ್ಟಿ ಅಂತ ಒಂದ್ಸಲ ಹೇಳಿಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ರಾತ್ರಿ ಎರಡು ಗಂಟೆಗೆ ಮಾಡಿದ್ದೆ, ಕನ್ನಡದಲ್ಲೇ ಮಾತಾಡಿದ್ರು, ದುಡ್ಡು ಕಾಸು ಏನಿಲ್ಲ. ಅಕ್ಕ "ನಾನೂ ಹೋಗ್ಬಿಡ್ತೀನಿ" ಅನ್ನೋ ಥರ ಮಾತಾಡಿದ್ರೆ ಮಾತ್ರ ಒಬ್ರನ್ನೇ ಬಿಡ್ಬೇಡಿ, ಆ ಬಾಗ್ಲ ಚಿಲಕ ತೆಗೆಸಿ.

ಬೆಂಗಳೂರಿನವರು ಒಬ್ರು:
ಮುಚ್ಚಿಡೋದ್ರಿಂದಾನೇ ಇನ್ನೊಂದು ಮನೆ ಹಾಳಾಗೋದು. ಎಲ್ಲರಿಗೂ ಧೈರ್ಯವಾಗಿ ಹೇಳ್ಬೇಕು.

ಮಂಡ್ಯದ ಅಮ್ಮ:
ನಿಮ್ಮನೇಲಿ ಮದುವೆಗಿರೋ ಹುಡುಗಿ ಇದಾಳಾ? ಇದ್ರೆ ಆಮೇಲೆ ಮಾತಾಡೋಣ.

ಹುಬ್ಬಳ್ಳಿ ಕಾಕಾ:
ನಿಮ್ಮ ಭಾವನ ಕಡೆ ನಿಂತು ಒಂದು ಮಾತು ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನಾನೂ ಎಲ್ಲಾ ಮನ್ಯಾಕಿ ಮ್ಯಾಲೆ ಹಾಕಿದ್ದೆ. ಖರೇ ಅಂದ್ರ ಕಡೀ ಸಲ ನಮ್ಮ ಮಗನ್ನ ಮನಿಯಿಂದ ಹೊರಗ ಹಾಕಿದಾಂವ ನಾ. ಅದನ್ನ ಹೇಳಾಕ ಬಾಯಿ ಬರವಲ್ದಾಗಿತ್ತು, ಅದಕ್ಕ ಆಕೀನ್ನ ಬೈದೆ. ನಿಮ್ಮ ಭಾವನ ಹೊಟ್ಟ್ಯಾಗೂ ಅಂಥಾದೊಂದು ಇದ್ದಿದ್ದ ಇರ್ತದ.

ಅವನ ನಂಬರಿಗೆ ಇನ್ನೂ ರಿಚಾರ್ಜ್ ಮಾಡಸ್ತೀನ್ರಿ, 84 ದಿನದ್ದು, ಬಿಟ್ರ ನಂಬರ್ ಮತ್ತ್ಯಾರಿಗೋ ಹೋಗ್ತದ. ಮನ್ಯಾಗ ಯಾರಿಗೂ ಗೊತ್ತಿಲ್ಲ ಅನ್ಕೊಂಡಿದ್ದೆ. ಹೋದ ಸಲ ಎರಡು ದಿನ ತಡ ಆತು, ಗಡಿಬಿಡಿ ಮಾಡಿ ಅಂಗಡಿಗೆ ಹೋದ್ರ ಆ ಹುಡುಗ "ಕಾಕಾರ, ಮೊನ್ನೇನ ಕಾಕೂರು ಬಂದು ಹಾಕಿಸ್ಯಾರಲ್ರಿ" ಅಂದ.

ತುಮಕೂರಿನ ಚಿಕ್ಕಮ್ಮ:
ಹುಬ್ಬಳ್ಳಿ ಅಣ್ಣಾವ್ರೇ, ನೀವು ಬರ್ದಿದ್ದನ್ನ ಭಾವಂಗೆ ವಾಟ್ಸಾಪ್ ಮಾಡಿದೀನಿ. ಬ್ಲೂ ಟಿಕ್ ಬಂದಿದೆ, ಉತ್ತರ ಇಲ್ಲ. ನಾಳೆ ಬೆಳಗ್ಗೆ ಬಸ್ಸಿಗೆ ಹೋಗ್ತಿದೀನಿ, ಚಿಕ್ಕವಳನ್ನ ಒಂದು ವಾರ ನಮ್ಮನೆಗೆ ಕರ್ಕೊಂಡು ಬರ್ತೀನಿ.