ಚಟ ಇದ್ದವರಿಗೂ ಇಲ್ಲದವರಿಗೂ ಆಸ್ಪತ್ರೆಯ ಬಿಲ್ಲು ಒಂದೇ ಆಗಿರಬೇಕೇ?

ಬೆಟಗೇರಿ ಮುದ್ರಕ ಕೇಳಿದ್ದು:

ಗದಗ-ಬೆಟಗೇರಿಯಲ್ಲಿ ಮೂವತ್ತೊಂದು ವರ್ಷಗಳಿಂದ ಸಣ್ಣದೊಂದು ಮುದ್ರಣಾಲಯ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ವರ್ಷದ ಕೊನೆಗೆ ಕ್ಯಾಲೆಂಡರ್. ನಮ್ಮದು ಎಪಿಎಲ್ ಕಾರ್ಡು. ಜಗಳವೆಲ್ಲ ಅಲ್ಲಿಂದಲೇ ಶುರುವಾಗುವುದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ಶ್ರಾವಣದಲ್ಲಿ ನನ್ನ ಹೆಂಡತಿಗೆ ಎದೆನೋವು ಬಂತು. ಹುಬ್ಬಳ್ಳಿಗೆ ಕರೆದೊಯ್ದು ಸ್ಟೆಂಟ್ ಹಾಕಿಸಿದೆವು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ 70 ನಮ್ಮ ಕಿಸೆಯಿಂದ. ಸಾಲ ಮಾಡಿ ಕಟ್ಟಿದೆ, ಕಂತು ಇನ್ನೂ ನಡೆಯುತ್ತಿದೆ. ಆಕೆ ದಿನಕ್ಕೆ ಒಂದೇ ಕಪ್ಪು ಚಹಾ ಕುಡಿಯುವವಳು. ಸೋಮವಾರ ಉಪವಾಸ. ಮಳೆಯಿರಲಿ ಚಳಿಯಿರಲಿ, ಬೆಳಿಗ್ಗೆ ತ್ರಿಕೂಟೇಶ್ವರ ಗುಡಿಯವರೆಗೆ ನಡೆದುಕೊಂಡೇ ಹೋಗಿ ಬರುವವಳು.

ಈ ವರ್ಷ ಆಕೆಯ ತಮ್ಮನಿಗೆ ದವಡೆಯ ಕ್ಯಾನ್ಸರ್. ಇಪ್ಪತ್ತು ವರ್ಷ ಗುಟ್ಕಾ ಜಗಿದವನು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಅವನು ಮಾಡಿಕೊಂಡ ಬದಲಾವಣೆ ಒಂದೇ: ಮಸಾಲೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳತೊಡಗಿದ. ಅವನದು ಬಿಪಿಎಲ್ ಕಾರ್ಡು. ವರ್ಷಕ್ಕೆ ಐದು ಲಕ್ಷದವರೆಗೆ ಉಚಿತ. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಯಾವುದಕ್ಕೂ ಬಿಡಿಗಾಸು ಖರ್ಚಾಗಲಿಲ್ಲ. ಓಡಾಡಿದವನು ನಾನು, ಬಸ್ ಚಾರ್ಜು ನನ್ನದು, ಊಟದ ಡಬ್ಬಿ ನಮ್ಮ ಮನೆಯದು.

ಅವನಿಗೆ ಚಿಕಿತ್ಸೆ ಕೊಡಬಾರದಿತ್ತು ಎನ್ನುವಷ್ಟು ಕೆಟ್ಟವನಲ್ಲ ನಾನು. ನಮ್ಮ ಮದುವೆಯಾದಾಗ ಅವನಿಗೆ ಒಂಬತ್ತು ವರ್ಷ. ಸೈಕಲ್ ಕಲಿಸಿದವನೇ ನಾನು. ಆದರೆ ಆದಾಯ ನೋಡಿ ದರ ಕಟ್ಟುವ ಸರ್ಕಾರಕ್ಕೆ ಚಟ ನೋಡಿ ದರ ಕಟ್ಟಲು ಏನು ಅಡ್ಡಿ? ಚಟವಿಲ್ಲದವರಿಗೆ 70ರ ಬದಲು 50 ಎಂದರೂ ಸಾಕಿತ್ತು. ತಿಳಿದವರು ಹೇಳಿ. ಉಪದೇಶ ಬೇಡ.

ಉಪಕೇಂದ್ರದಿಂದ:

ಅಣ್ಣಾವರೇ, ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನೀವು ಹೇಳುವ ಚಟದ ಲೆಕ್ಕ ಈಗಲೂ ನಡೆಯುತ್ತಿದೆ, ಬಿಲ್ಲಿಗಾಗಿ ಅಲ್ಲ ಅಷ್ಟೆ. ಮೂವತ್ತು ತುಂಬಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಫಾರ್ಮು ಹಿಡಿದು ಹೋಗುತ್ತಾಳೆ. ವಯಸ್ಸೆಷ್ಟು, ತಂಬಾಕು ಉಂಟೇ, ದಿನವೂ ಕುಡಿಯುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ವಾರಕ್ಕೆ 150 ನಿಮಿಷ ಮೈ ದಣಿಯುತ್ತದೆಯೇ, ಮನೆತನದಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗ ಇದೆಯೇ ಎಂದು ಕೇಳುತ್ತಾಳೆ. ಉತ್ತರಕ್ಕೆ ತಕ್ಕ ಅಂಕ. ಮೊತ್ತ ನಾಲ್ಕು ದಾಟಿದವರನ್ನು ಮೊದಲು ಪರೀಕ್ಷೆಗೆ ಕರೆತರಬೇಕು. ಬಿಪಿ, ಸಕ್ಕರೆ, ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ.

ಈ ಫಾರ್ಮಿಗೆ ಒಂದು ಪೈಸೆಯ ನಂಟೂ ಇಲ್ಲ. ಆದರೂ ಜನ ಸುಳ್ಳು ಹೇಳುತ್ತಾರೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದರೆ ಗಂಡ ‘ಇಲ್ಲ’ ಎನ್ನುತ್ತಾನೆ. ಅತ್ತೆ ಎದುರಿಗಿದ್ದರೆ ಸೊಸೆ ಕಡ್ಡಿಪುಡಿಯ ಮಾತೇ ಎತ್ತುವುದಿಲ್ಲ. ಆಮೇಲೆ ಉಪಕೇಂದ್ರದಲ್ಲಿ ಟಾರ್ಚು ಹಿಡಿದು ನೋಡಿದರೆ ಕೆನ್ನೆಯ ಒಳಗೆ ಬಿಳಿ ಮಚ್ಚೆ. ಕೆಲವರ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದೇ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯ ನಾಡಿನಲ್ಲಿ ಹುಟ್ಟಿ ಬೆಳೆದವನು ‘ಇತ್ತೀಚೆಗೆ ಖಾರ ತಿಂದರೆ ಬಾಯಿ ಉರಿಯುತ್ತದೆ’ ಎಂದು ಬಂದರೆ ನಾನು ಬಿಪಿ ಯಂತ್ರ ಪಕ್ಕಕ್ಕಿಟ್ಟು ಟಾರ್ಚು ಎತ್ತಿಕೊಳ್ಳುತ್ತೇನೆ. ಆ ಹಂತದಲ್ಲಿ ಸಿಕ್ಕರೆ ಎಷ್ಟೋ ಜನರ ದವಡೆ ಉಳಿಯುತ್ತದೆ. ‘ಹೌದು, ತಿನ್ನುತ್ತೇನೆ’ ಎಂಬ ಮಾತಿಗೆ ನೀವು ಬಿಲ್ಲು ಕಟ್ಟಿದಿರೋ, ಮರುದಿನದಿಂದ ನನ್ನ ಮುಂದೆ ಯಾರೂ ಬಾಯಿ ತೆರೆಯುವುದಿಲ್ಲ.

ಮುಂಡರಗಿ ಒಕ್ಕಲುತನ:

ನಮ್ಮ ಕಡೆಯ ಕೊಳವೆಬಾವಿ ನೀರಿನ ಸುದ್ದಿ ಗದಗಿನವರಿಗೆ ಗೊತ್ತಿಲ್ಲದ್ದೇನಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಮಾನದಂಡ. ಅದು ದಾಟಿದ ನೀರನ್ನೇ ಕುಡಿದು ಬೆಳೆದವರು ನಾವು. ನನ್ನ ಅಪ್ಪ ಬೀಡಿ ಮುಟ್ಟಿದವನಲ್ಲ. ಅರವತ್ತಕ್ಕೆ ಬೆನ್ನು ಬಾಗಿ, ಮೊಣಕಾಲು ಮಡಚಲು ಬಾರದಂತಾಯಿತು. ಅವನ ‘ಜೀವನಶೈಲಿ’ಗೆ ಎಷ್ಟು ಅಂಕ ಕೊಡುತ್ತೀರಿ?

ಸಹಕಾರ ಸಂಘದವರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಕಟ್ಟಿದ್ದೇನೆ, ಇಲ್ಲಿಯವರೆಗೆ ಒಂದು ಸಲವೂ ಬಳಸಿಲ್ಲ. ನನ್ನ 500 ಯಾರ ಮೂತ್ರಪಿಂಡಕ್ಕೆ ಹೋಯಿತು, ಅವನು ಕುಡುಕನೋ ಸಾಧುವೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಸಪ್ತಾಪುರ ನಿವೃತ್ತ:

ನನ್ನ ಓಟು ಮುದ್ರಕರಿಗೆ. ಮೈ ಕಾಪಾಡಿಕೊಂಡವನಿಗೆ ಬೆನ್ನು ತಟ್ಟುವವರು ಯಾರೂ ಇಲ್ಲ. ಆದರೆ ವಸೂಲಿ ಆಸ್ಪತ್ರೆಯ ಕೌಂಟರಿನಲ್ಲಿ ಬೇಡ, ಪಾನ್ ಅಂಗಡಿಯಲ್ಲಿ ಆಗಲಿ. ತಂಬಾಕಿನ ಮೇಲೆ ತೆರಿಗೆ ಇನ್ನೂ ಏರಲಿ.

ಕೊಪ್ಪೀಕರ ರಸ್ತೆ ಏಜೆಂಟ್:

ವಿಮೆ ಮಾರಿಯೇ ಹೊಟ್ಟೆ ಹೊರೆಯುವವನು ನಾನು, ಆದ್ದರಿಂದ ಇದು ನನ್ನ ಪೇಟೆಯ ಮಾತು. ಖಾಸಗಿ ವಿಮೆಯಲ್ಲಿ ನೀವು ಕೇಳುವುದು ಇದ್ದೇ ಇದೆ: ತಂಬಾಕು ಉಂಟೇ ಎಂಬ ಪ್ರಶ್ನೆ, ನಡಿಗೆಗೆ ನವೀಕರಣದಲ್ಲಿ ರಿಯಾಯಿತಿ. ಅಮೆರಿಕದ ಕಾನೂನಿನಲ್ಲಿ ತಂಬಾಕು ಸೇವಿಸುವವರಿಂದ ಶೇ 50ರವರೆಗೆ ಹೆಚ್ಚು ವಿಮಾ ಕಂತು ಕೇಳಬಹುದು. ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ಕಂತು ಸಂಬಳದ ಮೇಲೆ, ಸಿಗರೇಟಿನ ಮೇಲಲ್ಲ. ಜಪಾನಿನದು ವಿಚಿತ್ರ. 2008ರಿಂದ ನಲವತ್ತು ದಾಟಿದವರ ಸೊಂಟಕ್ಕೆ ಟೇಪು ಹಿಡಿಯುತ್ತಾರೆ. ಗಂಡಸಿಗೆ 85 ಸೆಂಟಿಮೀಟರ್, ಹೆಂಗಸಿಗೆ 90. ಆದರೆ ಟೇಪು ದಾಟಿದವನಿಗೆ ದಂಡ ಹಾಕುವುದಿಲ್ಲ, ಗುರಿ ಮುಟ್ಟದ ವಿಮಾ ಸಂಸ್ಥೆಯನ್ನು ಹಿಡಿಯುತ್ತಾರೆ. ನಮ್ಮ ದುರ್ಗದ ಬೈಲಿನಲ್ಲಿ ಸಂಜೆ ಟೇಪು ಹಿಡಿದು ನಿಂತರೆ ಮಿರ್ಚಿ ಭಜಿಯ ಗಾಡಿಗಳ ಗತಿ ಏನಾದೀತು ಎಂದು ನಗು ಬರುತ್ತದೆ.

ಒಮ್ಮೆ ಒಬ್ಬ ಗಿರಾಕಿ ‘ತಂಬಾಕು ಇಲ್ಲ’ ಎಂದು ಬರೆಸಿ, ಸಹಿ ಮಾಡಲು ಪೆನ್ನು ತೆಗೆದ. ಪೆನ್ನಿನ ಜೊತೆ ಪೊಟ್ಟಣವೂ ಕಿಸೆಯಿಂದ ಮೇಜಿನ ಮೇಲೆ ಬಿತ್ತು. ಫಾರ್ಮು ಹರಿದು ಹೊಸದಾಗಿ ತುಂಬೋಣ ಎಂದೆ. ‘ನಾಳೆ ಬರುತ್ತೇನೆ’ ಎಂದು ಹೋದವನು ಇನ್ನೂ ಬರುತ್ತಿದ್ದಾನೆ.

ಕಾಕಾ, ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು. ನಿಮ್ಮ ನಿಯಮ ಜಾರಿಯಲ್ಲಿದ್ದಿದ್ದರೆ ಮೊದಲು ಸಿಕ್ಕಿಬೀಳುತ್ತಿದ್ದವರು ಕಾಕೂ ಅವರೇ. ಹೃದಯದ ನಾಳ ಕಟ್ಟಿಕೊಂಡು ಬಂದವರನ್ನು ಕೌಂಟರಿನವನು ಏನು ಕೇಳುತ್ತಿದ್ದ? ‘ಎಣ್ಣೆ ಎಷ್ಟು ತಿನ್ನುತ್ತಿದ್ದಿರಿ? ನಡೆಯುತ್ತಿದ್ದಿರಾ? ಪುರಾವೆ ಕೊಡಿ.’ ತ್ರಿಕೂಟೇಶ್ವರ ಗುಡಿಯಲ್ಲಿ ಹಾಜರಿ ಪುಸ್ತಕ ಇಟ್ಟಿಲ್ಲ. ನಿಮ್ಮ ನಿಜವಾದ ತಕರಾರು 30–70ರ ಮೇಲೆ. ಅದನ್ನು ಕೇಳಿ, ನಾನೂ ಜೊತೆಗೆ ಬರುತ್ತೇನೆ. ಕಾರ್ಡಿನ ಮೇಲೆ ಎಪಿಎಲ್ ಎಂದಿದ್ದ ಮಾತ್ರಕ್ಕೆ ಸ್ಟೆಂಟಿನ ದುಡ್ಡು ಯಾರ ಮನೆಯ ಕಪಾಟಿನಲ್ಲೂ ಇರುವುದಿಲ್ಲ.

ಪ್ರೆಸ್ಸಿನ ಎದುರುಮನೆ:

ಇವರು ಯಾರೆಂದು ಗೊತ್ತಾಯಿತು. ಹೆಸರು ಹೇಳುವುದಿಲ್ಲ. ಪಾನ್ ಮಸಾಲಾ ಏಜೆಂಟರ ಕ್ಯಾಲೆಂಡರ್ ಪ್ರತಿ ವರ್ಷ ಅಚ್ಚಾಗುವುದು ಎಲ್ಲಿ, ಯಜಮಾನರೇ?

ಬೆಟಗೇರಿ ಮುದ್ರಕ:

ನನ್ನಲ್ಲೇ. ಒಂಬತ್ತು ವರ್ಷಗಳಿಂದ. ಮೇಲೆ ಲಕ್ಷ್ಮಿ, ಕೆಳಗೆ ಅಂಗಡಿಯ ಹೆಸರು, ಮೂಲೆಯಲ್ಲಿ ಪೊಟ್ಟಣ. ಎರಡೂವರೆ ಸಾವಿರ ಪ್ರತಿ, ಮುಂಗಡ ಕೈಯಲ್ಲಿಡುವ ಏಕೈಕ ಗಿರಾಕಿ. ಹೆಂಡತಿಯ ಕಂತುಗಳಲ್ಲಿ ಒಂದನ್ನು ಆ ಮುಂಗಡದಿಂದಲೇ ಕಟ್ಟಿದ್ದೇನೆ. ಇದನ್ನು ಬರೆಯದೆ ಬಿಟ್ಟಿದ್ದು ಮರೆತಲ್ಲ.

ಹೆಂಡತಿಯ ತಮ್ಮನ ಮನೆಯಲ್ಲೂ ಅದೇ ಕ್ಯಾಲೆಂಡರ್ ತೂಗುತ್ತಿದೆ. ರೇಡಿಯೇಷನ್ನಿನ ದಿನಗಳಿಗೆ ಅವನ ಹೆಂಡತಿ ಅದರ ಮೇಲೆಯೇ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದಳು. ಅಚ್ಚು ಚೆನ್ನಾಗಿ ಬಂದಿದೆಯೇ ಎಂದು ನೋಡುವುದು ನನ್ನ ರೂಢಿ. ಅಂದು ಅದನ್ನೇ ನೋಡುತ್ತಾ ನಿಂತಿದ್ದೆ.

ತಂಬಾಕಿನ ಪೊಟ್ಟಣದ ಮುಖದ ಶೇ 85 ಭಾಗ ಎಚ್ಚರಿಕೆಗೇ ಮೀಸಲು ಎಂಬ ನಿಯಮ 2016ರಿಂದ ಇದೆ. ಚಟ ಬಿಡಲು ಕರೆ ಮಾಡಬೇಕಾದ ಸಂಖ್ಯೆ 1800-11-2356 ಕೂಡ ಅದರ ಮೇಲಿರುತ್ತದೆ. ಅಕ್ಷರ ಜೋಡಿಸುವವನಾದ ನಾನೇ ಅದನ್ನು ಓದಿದ್ದು ಈ ವರ್ಷ, ಅವನ ದಿಂಬಿನ ಕೆಳಗೆ ಸಿಕ್ಕ ಪೊಟ್ಟಣದ ಮೇಲೆ.

30–70ರ ಸಿಟ್ಟು ಹಾಗೆಯೇ ಇದೆ, ಅದನ್ನು ಬಿಡುವುದಿಲ್ಲ. ಚಟದ ಅಂಕದ ಮಾತು ಸಾಕು ಮಾಡುತ್ತೇನೆ. ಕಾಕೂಗೆ ನಿಮ್ಮ ‘ಹಾಜರಿ ಪುಸ್ತಕ’ದ ಮಾತನ್ನು ಓದಿ ಹೇಳಿದೆ, ನಕ್ಕಳು.

ಉಪಕೇಂದ್ರದ ತಂಗಿಗೆ ಒಂದು ಪ್ರಶ್ನೆ. ಹೆಂಡತಿಯ ತಮ್ಮನ ಮಗನಿಗೆ ಈಗ ಹತ್ತೊಂಬತ್ತು. ಅವನೂ ಜಗಿಯುತ್ತಾನೆ. ಮೊನ್ನೆ ಬೆರಳು ಇಟ್ಟು ನೋಡು ಎಂದೆ; ಮೂರು ಬೆರಳು ಹೋಗಲಿಲ್ಲ. ಮೂವತ್ತು ಆಗದವರನ್ನು ನೋಡುತ್ತೀರಾ?

ಉಪಕೇಂದ್ರದಿಂದ:

ಬಾಯಿ ನೋಡಲು ವಯಸ್ಸು ಕೇಳುವುದಿಲ್ಲ ಅಣ್ಣಾವರೇ. ತಡ ಮಾಡದೆ ಗದಗ ಜಿಲ್ಲಾಸ್ಪತ್ರೆಯ ದಂತ ವಿಭಾಗಕ್ಕೆ ಕರೆದೊಯ್ಯಿರಿ. ತಂದೆಯ ಚಿಕಿತ್ಸೆಯ ಕಾಗದಗಳನ್ನೂ ಜೊತೆಗೆ ಒಯ್ಯಿರಿ. ಅಲ್ಲಿ ಎಷ್ಟು ಪೊಟ್ಟಣ ಎಂದು ಕೇಳಿದಾಗ ಅವನು ನಿಜ ಹೇಳಲಿ. ಆಗ ನೀವು ಸ್ವಲ್ಪ ಹೊರಗೆ ನಿಂತಿರಿ.